ಒಂದಕ್ಕೆ ಮಾತ್ರ ಗುರುತು ಹಾಕಿ

ಹೆಡ್ ಆಫೀಸಿನಿಂದ ಅರವತ್ತು ಹಾಳೆ ಬಂದವು.
ಹಾಳೆಗೊಂದು ಪ್ರಶ್ನೆ, ಎರಡು ಚೌಕ:
ನಿಮಗೆ ಯಾವುದು ಮುಖ್ಯ, ಸಂಬಳವೋ, ಕೆಲಸದ ತೃಪ್ತಿಯೋ?
ಕೆಳಗೆ ದಪ್ಪಕ್ಷರದಲ್ಲಿ,
ಒಂದಕ್ಕೆ ಮಾತ್ರ ಗುರುತು ಹಾಕಿ.

ಕೂಳೂರಿನ ಗೇರುಬೀಜದ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಾನು ಗುಮಾಸ್ತ.
ಕಿಲೋ ಬರೆಯುವುದು, ಕಿಲೋವನ್ನು ರೂಪಾಯಿ ಮಾಡುವುದು,
ರೂಪಾಯಿಯಿಂದ ಪಿಎಫ್ ಕಳೆಯುವುದು.
ತೃಪ್ತಿಗೆಂದು ಕಾಲಮ್ಮು ಎಳೆದವನಲ್ಲ.

ಗಂಜಿ ಊಟದ ಹೊತ್ತಿಗೆ ಹಂಚಿದೆ.
ಬುತ್ತಿಯ ಮುಚ್ಚಳಗಳು ತೆರೆದು
ಬಂಗುಡೆಯ ವಾಸನೆಯೂ ಬೀಜ ಹುರಿದ ಹೊಗೆಯೂ ಒಂದಾಗಿತ್ತು.
"ಎಂತ ಇದು ಜಯಕರಣ್ಣ, ವೋಟಾ?"
"ವೋಟಾದ್ರೆ ಸೀರೆ ಎಲ್ಲಿ?"
ಬೊರ್ಮಾದ ಪದ್ದು ಕೇಳಿದಳು,
"ಫ್ಯಾನಿಗೆ ಚೌಕ ಇಲ್ವಾ ಇದರಲ್ಲಿ?"
ಅವಳ ಪಕ್ಕದವಳು,
"ಕಕ್ಕೂಸಿನ ಚಿಲಕಕ್ಕೆ?"
ಇಡೀ ಶೆಡ್ಡು ನಕ್ಕಿತು. ನಾನೂ ನಕ್ಕೆ,
ಆ ಚಿಲಕದ ಅರ್ಜಿ ನನ್ನ ಡ್ರಾವರಿನಲ್ಲೇ ಇದೆ ಎಂದು
ನೆನಪಾಗುವವರೆಗೆ.

ಗ್ರೇಡಿಂಗ್ ಮೇಜಿನ ಐರಿನ್ ಕ್ರಾಸ್ತಾ ನಗಲಿಲ್ಲ.
ಕರೆಂಟು ಹೋದ ಮಧ್ಯಾಹ್ನಗಳಲ್ಲೂ
ಇನ್ನೂರ ನಲವತ್ತನ್ನು ಮುನ್ನೂರ ಇಪ್ಪತ್ತರಿಂದ
ಬರೀ ಬೆರಳಿನಲ್ಲಿ ಬೇರೆ ಮಾಡುವವಳು.
ಹೋದ ವರ್ಷ ಪೇಟೆಯ ಮಾಲಿನವರು ಕರೆದಿದ್ದರು,
ಎಸಿ, ಟೈ ಇರುವ ಯೂನಿಫಾರ್ಮು, ಸಂಬಳ ಒಂದೂವರೆ ಪಟ್ಟು.
ಮೂರೇ ತಿಂಗಳಿಗೆ ವಾಪಸು ಬಂದಳು.
"ಬೀಜ ಎಲ್ಲ ಪ್ಯಾಕೆಟಿನೊಳಗೆ ಮಾರಾಯ್ರೆ,
ಕಾಣ್ತದೆ, ಮುಟ್ಲಿಕ್ಕಿಲ್ಲ."

ಹಾಗಾಗಿ ಅವಳದ್ದು ತೃಪ್ತಿಯ ಚೌಕ ಎಂದು
ಮನಸ್ಸಿನಲ್ಲೇ ಬರೆದುಕೊಂಡಿದ್ದೆ.
ಅವಳು ಸಂಬಳಕ್ಕೆ ಗೀಟು ಎಳೆದಳು, ಕಾಗದ ಹರಿಯುವಷ್ಟು.
ನನ್ನ ಮುಖ ನೋಡಿ ಹೇಳಿದಳು,
"ತೃಪ್ತಿ ನನ್ನದು, ನನ್ನ ಹತ್ರ ಉಂಟು.
ಅದನ್ನು ಅವರ ಹತ್ರ ಕೇಳ್ಲಿಕ್ಕೆಂತ?
ಅವರು ಕೊಡ್ಲಿಕ್ಕಿರುವುದು ಸಂಬಳ."

ನಾನು ಗಂಜಿಗೆ ಉಪ್ಪು ಹಾಕಿದೆ. ಹಾಕಿದ್ದೆನೆಂದು ಮರೆತು
ಮತ್ತೊಮ್ಮೆ ಹಾಕಿದೆ.

ಕೊನೆಯಲ್ಲಿ ಬೀಜ ಒಡೆಯುವ ಗುಲಾಬಿ.
ಹದಿನಾರಕ್ಕೆ ಬಂದವಳು, ಈಗ ಐವತ್ತೊಂದು.
ಸಿಪ್ಪೆಯ ಎಣ್ಣೆ ಬೆರಳ ರೇಖೆಗಳನ್ನೆಲ್ಲ ತಿಂದಿದೆ;
ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಗುರುತು ಸಿಗುವುದಿಲ್ಲ,
ಬ್ಯಾಂಕಿನದಕ್ಕೂ ಇಲ್ಲ.
ಅವಳೊಬ್ಬಳಿಗೆ ಈಗಲೂ ಸಂಬಳ ಕವರಿನಲ್ಲಿ.
"ನಂಗೆ ಓದ್ಲಿಕ್ಕೆ ಬರುದಿಲ್ಲ, ಎಲ್ಲಿ ಒತ್ತುದು?"
ಓದಿ ಹೇಳಿದೆ. ಎರಡು ಸಲ ಹೇಳಿದೆ.
ಸ್ಟಾಂಪ್ ಪ್ಯಾಡಿಗೆ ಹೆಬ್ಬೆರಳು ಅದ್ದಿ
ಎರಡೂ ಚೌಕ ಮುಚ್ಚುವ ಹಾಗೆ ಒತ್ತಿದಳು.
ಗೆರೆಯಿಲ್ಲದ ನೇರಳೆ ಕಲೆ,
ಹಣ್ಣೊಂದು ಬಿದ್ದು ಒಡೆದ ಹಾಗೆ.

ರಾತ್ರಿ ಎಣಿಸಿದೆ. ಸಂಬಳ ನಲವತ್ತನಾಲ್ಕು,
ತೃಪ್ತಿ ಹದಿನಾಲ್ಕು
(ಅದರಲ್ಲಿ ಆರು ಸೂಪರ್‌ವೈಸರ್ ಬದಿಯಲ್ಲಿ ನಿಂತಾಗ ಹಾಕಿದ್ದು).
ನನ್ನದು ಖಾಲಿ, ಹಾಗೆಯೇ ಕಟ್ಟಿನೊಳಗೆ ಸೇರಿಸಿದೆ.
ಕೂಡಿಸಿದ ಮೊತ್ತ ಮೊದಲ ಸಲಕ್ಕೇ ತಾಳೆಯಾದಾಗ
ಮೈಯಲ್ಲಿ ಸಣ್ಣಗೆ ಏನೋ ಹರಿಯುತ್ತದಲ್ಲ,
ಅದಕ್ಕೆ ಇಂಥದ್ದೊಂದು ಹೆಸರಿದೆಯೆಂದು
ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.
ಗುಲಾಬಿಯ ಹಾಳೆ ಯಾವ ರಾಶಿಗೂ ಸೇರಲಿಲ್ಲ.
ಮಡಚಿ ಲೆಜರಿನೊಳಗೆ ಇಟ್ಟೆ.

ಶುಕ್ರವಾರ ಹೆಡ್ ಆಫೀಸಿನ ಫೋನು,
"ಒಂದು ಹಾಳೆ ಕಮ್ಮಿ ಬಂದಿದೆಯಲ್ಲ?"
ಎಣಿಕೆ ತಪ್ಪಿರಬೇಕು ಸಾರ್, ಅಂದೆ.

ಶನಿವಾರ ಸಂಜೆ ಕಿಟಕಿಯಾಚೆ ಗುಲಾಬಿ.
ಕವರು ಹರಿದು, ಸವೆದ ಬೆರಳಿಗೆ ಎಂಜಲು ಹಚ್ಚಿ
ಒಂದೊಂದೇ ನೋಟು ಸರಿಸಿದಳು.
ಮತ್ತೆ ಮೊದಲಿನಿಂದ.
"ಹತ್ತು ರೂಪಾಯಿ ಕಮ್ಮಿ ಉಂಟು ಜಯಕರಣ್ಣ."
ಇರಲಿಕ್ಕಿಲ್ಲ ಅಂದೆ, ಇಸಿದುಕೊಂಡು ಎಣಿಸಿದೆ.
ಕಮ್ಮಿ ಇತ್ತು.